ಶುಭಾರಂಭ ಮೀಮಾಂಸೆ

ಪೀಠಿಕೆ: ಐದು ಅಂಗಡಿ ತೆರೆದು ಐದಕ್ಕೂ ಬಾಗಿಲು ಹಾಕಿದವನಿಗೆ ಹಿಂದೆ ಹೆಣ್ಣು ಕೊಡುತ್ತಿರಲಿಲ್ಲ. ಈಗ ವೇದಿಕೆ ಹತ್ತಿಸಿ ಶಾಲು ಹೊದಿಸುತ್ತಾರೆ. ಈ ಪರಿವರ್ತನೆಗೆ ಶಾಸ್ತ್ರಾಧಾರ ಒದಗಿಸುವುದೇ ಪ್ರಸ್ತುತ ಮಹಾಪ್ರಬಂಧದ ಉದ್ದೇಶ.

ಲಕ್ಷಣ: ಹಿಂದಿನ ಸಾಲ ತೀರುವ ಮೊದಲೇ ಮುಂದಿನ ಗಣಹೋಮಕ್ಕೆ ಪುರೋಹಿತರನ್ನು ಕರೆಯುವವನು ಪುನರುದ್ಯಮಿ. ಈ ಲಕ್ಷಣ ಪಕ್ಷಾಂತರಿಗಳಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುವುದಲ್ಲವೇ ಎಂದರೆ, ಬಾರದು. ಅವರು ಸ್ವಂತ ಹೆಸರಿನಲ್ಲಿ ಸಾಲ ಮಾಡುವುದಿಲ್ಲ.

ಪ್ರಭೇದ: ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವವನು ಸೀರಿಯಲ್, ಹಲವನ್ನು ಒಟ್ಟಿಗೇ ಹಿಡಿದವನು ಪೋರ್ಟ್‌ಫೋಲಿಯೊ ಎಂದು ಪಾಶ್ಚಾತ್ಯ ಪಂಡಿತರ ಮತ. ಬಾವಮೈದನ ಜಾಮೀನಿನಲ್ಲಿ ಹೆಂಡತಿಯ ಹೆಸರಿಗೆ ತೆರೆಯುವ ಮೂರನೆಯ ಪ್ರಭೇದ ಅವರ ಕಣ್ಣಿಗೆ ಬೀಳದಿರುವುದು ಶೋಚನೀಯ.

ಪ್ರಮಾಣ: 1988ರಲ್ಲಿ ಅರ್ನಾಲ್ಡ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 3000 ಹೊಸ ಉದ್ಯಮಿಗಳನ್ನು ವಿಚಾರಿಸಿದರು. ಗೆಲುವಿನ ಸಾಧ್ಯತೆ ಹತ್ತಕ್ಕೆ ಏಳು ಅಥವಾ ಹೆಚ್ಚು ಎಂದವರು ಶೇ 81. ಹತ್ತಕ್ಕೆ ಹತ್ತೂ ಎಂದವರು ಮೂರರಲ್ಲಿ ಒಬ್ಬರು. ಪಾಲ್ ಗೊಂಪರ್ಸ್ ಮತ್ತು ಸಂಗಡಿಗರು, ವೆಂಚರ್ ಬಂಡವಾಳ ಪಡೆದ ಕಂಪನಿಗಳಲ್ಲಿ ಮೊದಲೇ ಗೆದ್ದವನು ಮತ್ತೆ ಗೆಲ್ಲುವ ಸಂಭವ ಶೇ 30, ಹೊಸಬನಿಗೆ 18, ಒಮ್ಮೆ ಸೋತವನಿಗೆ 20 ಎಂದು ಲೆಕ್ಕ ಹಾಕಿದರು. ಅಂದರೆ ದಿವಾಳಿಯೆಂಬ ಗುರುಕುಲದಲ್ಲಿ ಸರ್ವಸ್ವವನ್ನೂ ದಕ್ಷಿಣೆ ಕೊಟ್ಟು ಕಲಿತ ವಿದ್ಯೆಯ ಬೆಲೆ ಎರಡೇ ಅಂಕ! 2010ರಲ್ಲಿ ಡೆನಿಜ್ ಉಚ್ಬಸರಾನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಕಂಡುಕೊಂಡದ್ದು ಇನ್ನೂ ಸೊಗಸು: ಸೋತ ಮೇಲೂ ಸೀರಿಯಲ್ ಉದ್ಯಮಿಯ ಆಶಾವಾದ ಇಳಿಯುವುದಿಲ್ಲ. ಇಳಿಯುವುದು ಬಾವಮೈದನದು.

ದೃಷ್ಟಾಂತ: ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದು ಹಸು, ಕೋಳಿ, ರೇಷ್ಮೆ, ಮೋಟಾರ್‌ಸೈಕಲ್ ಡೀಲರ್‌ಶಿಪ್, ಹೋಟೆಲು ಎಲ್ಲವನ್ನೂ ನೋಡಿದವರು. ಕೋಳಿಗೆ ರೆಕ್ಕೆಯಿದ್ದರೂ ಹಾರಾಟ ಬೇಲಿಯಾಚೆಗಿಲ್ಲ. ರೇಷ್ಮೆಹುಳು ಹಾರುವ ಹೊತ್ತಿಗೆ ಬಿಸಿನೀರಿಗೆ ಬೀಳುತ್ತದೆ. ಆದ್ದರಿಂದ 1997ರಲ್ಲಿ ಹೆಲಿಕಾಪ್ಟರ್, 2003ರಲ್ಲಿ ಏರ್ ಡೆಕ್ಕನ್ ಅನಿವಾರ್ಯವಾದವು ಎಂಬುದು ನಮ್ಮ ಅನುಮಾನ ಪ್ರಮಾಣ. ಒಂದು ರೂಪಾಯಿಗೂ ಟಿಕೆಟ್ ಮಾರಿದ ಆ ಕಂಪನಿ ಕಿಂಗ್‌ಫಿಷರ್ ಪಾಲಾಯಿತು. ಸಾಮಾನ್ಯ ಮನುಷ್ಯ ಇಲ್ಲಿ ವಾಕಿಂಗ್ ಶುರುಮಾಡುತ್ತಾನೆ. ಅವರು 2009ರಲ್ಲಿ ಸರಕು ಸಾಗಿಸುವ ಡೆಕ್ಕನ್ 360 ಶುರುಮಾಡಿದರು. ಅದೇ ವರ್ಷ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೂ ನಿಂತರು. ಎರಡೂ ಕೈಹಿಡಿಯಲಿಲ್ಲ.

ಪೂರ್ವಪಕ್ಷ: ಇಷ್ಟಾದರೂ ಬುದ್ಧಿ ಬರಲಿಲ್ಲವೇ?

ಸಿದ್ಧಾಂತ: ಬುದ್ಧಿ ಬಂದವರು ಯಾರೂ ಗೋಪಿನಾಥರಂತೆ ಹುಬ್ಬಳ್ಳಿಗೆ ಅಗ್ಗದ ವಿಮಾನ ಬಿಡಲಿಲ್ಲ. ಆದಕಾರಣ ಪುನರುದ್ಯಮಿ ಸಮಾಜಕ್ಕೆ ಬೇಕು, ಸಂಬಂಧಿಕರಿಗೆ ಬೇಡ.

ಫಲಶ್ರುತಿ: ಇದನ್ನು ಪಠಿಸಿದ ಸಕಲ ಬಾವಮೈದಂದಿರಲ್ಲಿ ವಿನಂತಿ. ಬಾವನ ಹೊಸ ಯೋಜನೆಯನ್ನು ಪೂರ್ತಿ ಕೇಳಿ, ಅಕ್ಕ ಕೊಟ್ಟ ಕಾಫಿ ಕುಡಿಯಿರಿ, ಪೂಜೆಗೂ ತಪ್ಪದೆ ಹೋಗಿ. ಜಾಮೀನಿಗೆ ಮಾತ್ರ ಸಹಿ ಹಾಕಬೇಡಿ.