ಎರಡು ನಿಮಿಷದ ನಿರ್ದೇಶಕ

ಸಿನಿಮಾವೊಂದರ ಆರಂಭವನ್ನಷ್ಟೇ ತೆಗೆದು, ಮುಂದಿನದರ ಗೊಡವೆಗೆ ಹೋಗದ ಕಾಲೇಜು ಹುಡುಗನನ್ನು ಎರಡು ನಿಮಿಷದ ನಿರ್ದೇಶಕ ಎನ್ನಬಹುದು. ಥಾಣೆಯಿಂದ ಕಲ್ಯಾಣದವರೆಗೆ ಎಲ್ಲೆಡೆ ಕಾಣುವ ಈ ವರ್ಗ ಥಾಣೆಯ ಪಕ್ಕದ ಕಳವಾದಲ್ಲಿ ಸ್ವಲ್ಪ ಹೆಚ್ಚೇ ಇದೆ. ವಯಸ್ಸು 18ರಿಂದ 21. ಓದು ಮುಂಬಯಿ ವಿಶ್ವವಿದ್ಯಾಲಯದ ಮಾಧ್ಯಮ ಪದವಿ. 2019ರಲ್ಲಿ ಅದರ ಹೆಸರು ಬಿಎಎಂಎಂಸಿ ಎಂದಾಯಿತಾದರೂ ಕಲಿಯುವವರು, ಕಲಿಸುವವರು, ಫೀಸು ಕಟ್ಟುವವರು ಯಾರೂ ಬಿಎಂಎಂ ಎನ್ನುವುದನ್ನು ಬಿಟ್ಟಿಲ್ಲ. ಕನ್ನಡದ ಮನೆಗೆ ಇಂಡಿಯಿಂದಲೋ ಕುಂದಾಪುರದಿಂದಲೋ ನೆಂಟರು ಬಂದು ವಿಚಾರಿಸಿದರೆ ಅಪ್ಪ "ಕಂಪ್ಯೂಟರ್ ಲೈನು" ಎಂದು ಹೇಳಿ ಮಾತು ಬದಲಿಸುತ್ತಾರೆ. ಇದೇ ಕೋರ್ಸಿನಲ್ಲಿ ಹುಡುಗಿಯರೂ ಇದ್ದಾರೆ. ಹೇಳಿದ ದಿನಕ್ಕೆ ಶೂಟಿಂಗ್ ಮುಗಿಸಿ ಫೈಲು ಒಪ್ಪಿಸಿಬಿಡುವುದರಿಂದ ಅವರು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಆರಂಭ ಮಾತ್ರ ಏಕೆ ಎಂಬುದಕ್ಕೆ ಶೈಕ್ಷಣಿಕ ಕಾರಣವಿದೆ. ಪೂರ್ತಿ ಸಿನಿಮಾ ತೆಗೆಸಿದರೆ ಪೂರ್ತಿ ಕೂತು ನೋಡಬೇಕಾಗುತ್ತದೆ ಎಂಬುದು ಎಲ್ಲ ದೇಶದ ಮೇಷ್ಟರಿಗೂ ತಿಳಿದ ವಿಷಯ. ಬ್ರಿಟನ್ನಿನ ಓಸಿಆರ್ ಪರೀಕ್ಷಾ ಮಂಡಳಿ ತನ್ನ ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಂದ ವರ್ಷಗಟ್ಟಲೆ ಇದನ್ನೇ ಕೇಳುತ್ತಿತ್ತು: ಹೊಸ ಕಥಾಚಿತ್ರವೊಂದರ ಟೈಟಲ್ ಸಹಿತ ಆರಂಭ, ಹೆಚ್ಚೆಂದರೆ ಎರಡು ನಿಮಿಷ. ಅದಕ್ಕೆ ಮೊದಲು ಕೈ ಪಳಗಲೆಂದು ಒಂದು ಪುಟ್ಟ ಅಭ್ಯಾಸವೂ ಇತ್ತು. ಒಬ್ಬ ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬನ ಎದುರು ಕುರ್ಚಿಯಲ್ಲಿ ಕೂತು ಎರಡು ಮಾತಾಡಬೇಕು. ಕ್ಯಾಮೆರಾ ಇಬ್ಬರ ನಡುವಿನ ಕಲ್ಪಿತ ಗೆರೆಯನ್ನು ದಾಟಬಾರದು. ಬ್ರಿಟನ್ನಿನ ಮನೆಗಳಿಗೆ ಇದು ಸರಿ. ಅದನ್ನೇ ಕಳವಾದ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಮಾಡಹೊರಟರೆ ಬಾಗಿಲು ತೆರೆದವನ ಮೊಣಕಾಲು ಆಗಲೇ ಕುರ್ಚಿಗೆ ತಗಲಿರುತ್ತದೆ. ಗೆರೆ ದಾಟದಿರಬೇಕಾದರೆ ಕ್ಯಾಮೆರಾ ಹಿಡಿದವನು ಬಚ್ಚಲಿನಲ್ಲಿ ನಿಲ್ಲಬೇಕು. ನಿಲ್ಲುತ್ತಾನೆ.

ಆ ಎರಡು ನಿಮಿಷಕ್ಕೆ ಈ ಹುಡುಗರು ಸೈಕಲಾಜಿಕಲ್ ಥ್ರಿಲ್ಲರನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಅರ್ಥಶಾಸ್ತ್ರದ್ದು. ಪ್ರೇಮಕಥೆಗೆ ಹುಡುಗಿ ಒಪ್ಪಬೇಕು, ಹೊಡೆದಾಟಕ್ಕೆ ಗಾಜು ಒಡೆಯಬೇಕು, ಹಾಸ್ಯಕ್ಕೆ ಬರೆಯಲು ಬರಬೇಕು. ಥ್ರಿಲ್ಲರಿಗೆ ಒಂದು ಮುಖ, ಒಂದು ಬಲ್ಬು ಸಾಕು. ಮೇಲಾಗಿ ಎರಡು ನಿಮಿಷದಲ್ಲಿ ರಹಸ್ಯವನ್ನು ಹುಟ್ಟಿಸಿದರಾಯಿತು, ಬಿಡಿಸಬೇಕಾಗಿಲ್ಲ. ಕನ್ನಡದ ಮನೆಯ ಹುಡುಗನಾದರೆ ಪವನ್ ಕುಮಾರರ 'ಲೂಸಿಯಾ' (2013), 'ಯೂ ಟರ್ನ್' (2016) ಎರಡನ್ನೂ ಮರಾಠಿ ಗೆಳೆಯರಿಗೆ ಸಬ್‌ಟೈಟಲ್ ಹಾಕಿ ತೋರಿಸಿ, ಅವು ತನ್ನ ಸೋದರಮಾವ ತೆಗೆದ ಚಿತ್ರಗಳೋ ಎಂಬಷ್ಟು ಬೀಗಿರುತ್ತಾನೆ. ಇಷ್ಟೆಲ್ಲ ಅನುಕೂಲವಿದ್ದರೂ ಥ್ರಿಲ್ಲರಿಗೆ ಬೇಕೇ ಬೇಕಾದ ಒಂದು ಸಾಮಗ್ರಿ ಉಂಟು: ಏಕಾಂತ. ಕಳವಾದಲ್ಲಿ ದುಡ್ಡು ಕೊಟ್ಟರೂ ಸಿಗದ ಸರಕು ಅದೊಂದೇ. ಈ ನಿರ್ದೇಶಕನ ಎಲ್ಲ ಪಾಡೂ ಅಲ್ಲಿಂದಲೇ ಹುಟ್ಟುತ್ತದೆ.

ಹೊರಾಂಗಣ ಚಿತ್ರೀಕರಣ ಸ್ಟೇಷನ್ನಿನ ಪಾದಚಾರಿ ಸೇತುವೆಯಿಂದ ಶುರುವಾಗುತ್ತದೆ. ನಾಯಕ ಒಬ್ಬಂಟಿಯಾಗಿ ನಡೆದುಬರಬೇಕು, ಹಿಂದೆ ಯಾರೋ ಬರುತ್ತಿರುವಂತೆ ಅನ್ನಿಸಬೇಕು. ಕಳವಾ ಸೇತುವೆಯ ಮೇಲೆ ಯಾರೋ ಹಿಂದೆ ಬರುತ್ತಿರುವಂತೆ ಅನ್ನಿಸುವುದಿಲ್ಲ, ಬರುತ್ತಲೇ ಇರುತ್ತಾರೆ, ನಾನೂರು ಮಂದಿ, ಟಿಫಿನ್ ಚೀಲ ಸಮೇತ. ರೈಲ್ವೆ ಆವರಣದಲ್ಲಿ ಪರವಾನಗಿಯಿಲ್ಲದೆ ಶೂಟಿಂಗ್ ಮಾಡುವಂತಿಲ್ಲವಾದ್ದರಿಂದ ಮೊಬೈಲನ್ನು ಕಿವಿಗಿಟ್ಟುಕೊಂಡು ಯಾರಿಗೋ "ಹೂಂ, ಹೂಂ" ಎನ್ನುತ್ತ ದೃಶ್ಯ ಸೆರೆಹಿಡಿಯಬೇಕು. ಆ ಹೂಂಕಾರವೆಲ್ಲ ಧ್ವನಿಪಥದಲ್ಲಿ ಸೇರಿರುತ್ತದೆ.

ಮುಂದಿನ ಆಸೆ ಪಾರ್ಸಿಕ್ ಸುರಂಗ. 1916ರಲ್ಲಿ ಬೆಟ್ಟ ಕೊರೆದು ಮಾಡಿದ, ಸುಮಾರು 1.3 ಕಿಲೋಮೀಟರ್ ಉದ್ದದ ಈ ಸುರಂಗ ಕಳವಾಕ್ಕೆ ಅಂಟಿಕೊಂಡಂತೆಯೇ ಇದೆ. ಮನಸ್ಸಿನ ಕತ್ತಲೆಗೆ ಇದಕ್ಕಿಂತ ಒಳ್ಳೆಯ ರೂಪಕ ಸಿಗದು ಎಂದು ಸ್ಕ್ರಿಪ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾನೆ. ಕಳವಾದಲ್ಲಿ ನಿಲ್ಲುವ ಸ್ಲೋ ಲೋಕಲ್ ಆ ಸುರಂಗದೊಳಗೆ ಹೋಗುವುದೇ ಇಲ್ಲ, ಬೆಟ್ಟವನ್ನು ಬಳಸಿ ಖಾಡಿಯ ಪಕ್ಕದ ಬಿಸಿಲಿನಲ್ಲಿ ಮುಂಬ್ರಾಕ್ಕೆ ಹೋಗುತ್ತದೆ ಎಂಬುದು ಹುಟ್ಟಿದಾಗಿನಿಂದ ಅದೇ ಗಾಡಿಯಲ್ಲಿ ಓಡಾಡಿದವನಿಗೆ ಶೂಟಿಂಗ್ ದಿನವೇ ಹೊಳೆಯುತ್ತದೆ. ಕೊನೆಗೆ ಲೆನ್ಸಿಗೆ ಹೆಬ್ಬೆರಳು ಅಡ್ಡವಿಟ್ಟು, ರೈಲಿನ ಸದ್ದು ಸೇರಿಸಿ ಸುರಂಗವನ್ನು ಸಿದ್ಧಪಡಿಸಲಾಗುತ್ತದೆ. ನಿಜ ಹೇಳಬೇಕೆಂದರೆ ಆ ಹೆಬ್ಬೆರಳು ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅಂಚಿನಲ್ಲಿ ಸ್ವಲ್ಪ ಕೆಂಪಗೆ ಹೊಳೆಯುವುದನ್ನು ವಿಮರ್ಶಕರು ಅಪಾಯದ ಸಂಕೇತವೆಂದು ತಿಳಿಯುತ್ತಾರೆ.

ಒಳಾಂಗಣದ ಕಷ್ಟಗಳು ಬೇರೆ. ಇಂಥ ಚಿತ್ರದ ಮೊದಲ ಶಾಟ್ ತಿರುಗುವ ಫ್ಯಾನು ಎಂಬುದು ಅಲಿಖಿತ ನಿಯಮ. ಫ್ಯಾನು ತಿರುಗಿದರೆ ಮೈಕಿನಲ್ಲಿ ಗಾಳಿಯ ಸದ್ದು ತುಂಬುತ್ತದೆ, ನಿಲ್ಲಿಸಿದರೆ ಶಾಟ್ ಇಲ್ಲ. ಮೊದಲು ತಿರುಗಿಸಿ ಚಿತ್ರ, ಆಮೇಲೆ ನಿಲ್ಲಿಸಿ ಸಂಭಾಷಣೆ ಎಂದು ತೀರ್ಮಾನವಾಗುತ್ತದೆ. ಮೇ ತಿಂಗಳಲ್ಲಿ ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸಿದ ಕೋಣೆಯಲ್ಲಿ ನಟನ ಹಣೆಯಿಂದ ಇಳಿಯುವ ಬೆವರಿಗೆ ಮೇಕಪ್ ಖರ್ಚಿಲ್ಲ. ಅವನ ಕಣ್ಣಿನಲ್ಲಿ ಕಾಣುವ ಭಯವೂ ಬಹುಪಾಲು ಅಸಲಿ.

ಚೂರಿಯ ಸಮಸ್ಯೆ ಇದಕ್ಕಿಂತ ದೊಡ್ಡದು. ಹಾಲಿವುಡ್ಡಿನ ಅಡುಗೆಮನೆಯಲ್ಲಿ ಅಂಗೈ ಅಗಲದ ಚೂರಿಗಳು ಸಾಲಾಗಿ ತೂಗಾಡುತ್ತವೆ. ಕನ್ನಡದ ಮನೆಯಲ್ಲಿರುವುದು ಈಳಿಗೆ. ಅದನ್ನು ಎತ್ತಿ ಯಾರ ಮೇಲೂ ಬೀಸುವಂತಿಲ್ಲ. ಮಣೆಯ ಮೇಲೆ ಕಾಲೂರಿ ಕೂರಬೇಕು, ಬದನೆಕಾಯಿಯೇ ಅದರ ಹತ್ತಿರಕ್ಕೆ ಬರಬೇಕು. ಅಂದರೆ ಕೊಲೆಯಾಗುವವನು ಕೊಲೆಗಾರನೊಂದಿಗೆ ಪೂರ್ಣವಾಗಿ ಸಹಕರಿಸಿದರೆ ಮಾತ್ರ ಕೆಲಸ ಆಗುವ ಆಯುಧ ಅದು. ರಕ್ತದ್ದೂ ಇದೇ ಗೋಳು. ಹಿಚ್‌ಕಾಕ್ 'ಸೈಕೋ'ದಲ್ಲಿ (1960) ಚಾಕೊಲೇಟ್ ಸಿರಪ್ಪನ್ನು ರಕ್ತವೆಂದು ಹರಿಸಿದ್ದು ಚಿತ್ರ ಕಪ್ಪು ಬಿಳುಪಾಗಿದ್ದರಿಂದ ನಡೆಯಿತು. ಕಳವಾದಲ್ಲಿ ಬೆಲ್ಲದ ಪಾಕಕ್ಕೆ ಕುಂಕುಮ ಕಲಸುತ್ತಾರೆ. ಬಣ್ಣ ಸರಿಯಾಗಿ ಬರುತ್ತದೆ; ಮೂರನೆಯ ಟೇಕಿನ ಹೊತ್ತಿಗೆ ಇರುವೆ ಬರುತ್ತದೆ. ಇರುವೆ ಕಚ್ಚಿದ ಶವ ಎದ್ದು ಕೂತು ಮರಾಠಿಯಲ್ಲಿ ಬೈಯುವುದರಿಂದ ಆ ಟೇಕು ಕೆಡುತ್ತದೆ.

ನಟವರ್ಗದ ವಿಷಯಕ್ಕೆ ಬಂದರೆ, ಗೆಳೆಯರಿಗೆ ಪಾತ್ರ ಹಂಚಿ ಮುಗಿದ ಮೇಲೆ ಒಂದು ನಿಗೂಢ ಮುಖದ ಕೊರತೆ ಬೀಳುತ್ತದೆ. ಆಗ ನಿರ್ದೇಶಕನ ಕಣ್ಣು ಮೂಲೆಯಲ್ಲಿ ಕೂತ ಅಜ್ಜಿಯ ಮೇಲೆ ಬೀಳುತ್ತದೆ. ವಿಜಯಪುರದ ಕಡೆಯ ಮನೆಯಾದರೆ ಮಾತುಕತೆ ಸರಿಸುಮಾರು ಹೀಗಿರುತ್ತದೆ:

"ಇದ್ರಾಗ ನಾ ಸತ್ತಿರ್ತೀನೇನೋ?"

"ಇಲ್ಲಜ್ಜಿ, ನೀ ಬರೇ ನೋಡ್ಬೇಕು."

"ಯಾರ್ನ?"

"ಯಾರ್ನೂ ಅಲ್ಲ. ಸುಮ್ನ."

"ಸುಮ್ನ ಯಾಕ ನೋಡ್ಲಿ? ಗ್ಯಾಸಿನ ಮ್ಯಾಲ ಹಾಲಿಟ್ಟೀನಿ."

ಹಾಗೆಂದರೂ ಮೊಮ್ಮಗನ ಮಾತು ತೆಗೆದುಹಾಕಲಾರದೆ ಅಜ್ಜಿ ಕೂರುತ್ತಾಳೆ. ಮುಖದ ಅರ್ಧಕ್ಕೆ ಟಾರ್ಚಿನ ಬೆಳಕು. ಕ್ಯಾಮೆರಾದ ಬಲಕ್ಕೆ ಅಡುಗೆಮನೆ. ಅಜ್ಜಿ ಆ ಕಡೆಗೇ ಕಣ್ಣು ನೆಟ್ಟು, ಹಾಲು ಉಕ್ಕುವ ಸದ್ದಿಗೆ ಕಿವಿಗೊಟ್ಟು, ರೆಪ್ಪೆ ಬಡಿಯದೆ ನಲವತ್ತು ಸೆಕೆಂಡು ಕೂತಿರುತ್ತಾಳೆ. ಇಡೀ ಚಿತ್ರದಲ್ಲಿ ಚೆನ್ನಾಗಿ ಬಂದ ಶಾಟ್ ಇದೊಂದೇ ಎಂಬುದು ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಗೊತ್ತಾಗುತ್ತದೆ.

ಎಡಿಟಿಂಗ್ ರಾತ್ರಿ ಹನ್ನೊಂದರ ನಂತರದ ಕೆಲಸ, ಏಕೆಂದರೆ ಅಲ್ಲಿಯವರೆಗೆ ಮೇಜಿನ ಮೇಲೆ ತಂಗಿಯ ಪುಸ್ತಕಗಳಿರುತ್ತವೆ. ದುಡ್ಡು ಕೊಡದೆ ಸಿಗುವ ಡಾವಿಂಚಿ ರಿಸಾಲ್ವ್ ತಂತ್ರಾಂಶ ತೆರೆದುಕೊಂಡು, ಲ್ಯಾಪ್‌ಟಾಪು ಬಿಸಿಯಾಗದಂತೆ ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಕೂರುತ್ತಾನೆ. 'ಸೈಕೋ'ದ ಬಚ್ಚಲು ದೃಶ್ಯದ ಸುಮಾರು ಮುಕ್ಕಾಲು ನಿಮಿಷದಲ್ಲಿ 52 ಕಟ್‌ಗಳಿವೆ ಎಂದು ಕ್ಲಾಸಿನಲ್ಲಿ ಕೇಳಿದ್ದು ತಲೆಯಲ್ಲಿರುತ್ತದೆ. ಮೊದಲ ಆವೃತ್ತಿಯಲ್ಲಿ ಅದನ್ನು ಮೀರಿಸುತ್ತಾನೆ. ನಾಯಕ ಒಂದು ಲೋಟ ನೀರು ಕುಡಿಯುವುದಕ್ಕೆ ಹದಿನಾಲ್ಕು ಕಟ್. ಆಮೇಲೆ ಚಿತ್ರಕ್ಕೆಲ್ಲ ಹಸಿರುಮಿಶ್ರಿತ ನೀಲಿ ಬಣ್ಣ ಬಳಿಯುತ್ತಾನೆ. ಮನೆಯವರೆಲ್ಲ ಕಾಮಾಲೆಯ ಮುಂದಿನ ಹಂತ ತಲುಪಿದವರಂತೆ ಕಾಣುತ್ತಾರೆ.

ಇದೆಲ್ಲ ಎಲ್ಲರೂ ಮಾಡುವ ಕೆಲಸ. ನಿಜವಾದ ಕಲಿಕೆ ಆಗುವುದು ಅಜ್ಜಿಯ ಶಾಟನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ಸರಿಸುವಾಗ. ಈಳಿಗೆಯ ಪಕ್ಕದಲ್ಲಿಟ್ಟರೆ ಅಜ್ಜಿ ಕೊಲೆಗಾತಿ. ಖಾಲಿ ಕುರ್ಚಿಯ ಪಕ್ಕದಲ್ಲಿಟ್ಟರೆ ಮಗನನ್ನು ಕಳೆದುಕೊಂಡ ತಾಯಿ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿಟ್ಟರೆ ಒಳಗಿರುವುದೇನೆಂದು ಬಲ್ಲ ಏಕೈಕ ಸಾಕ್ಷಿ. ಅಜ್ಜಿಯ ಮುಖ ಮಾತ್ರ ಅದೇ, ಹಾಲಿನ ಚಿಂತೆಯದು. ರಷ್ಯಾದ ಲೆವ್ ಕುಲೆಶೊವ್ ಸುಮಾರು ನೂರು ವರ್ಷಗಳ ಹಿಂದೆ ನಟನೊಬ್ಬನ ಭಾವವಿಲ್ಲದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಹೆಣ್ಣಿನ ಜೊತೆ ಜೋಡಿಸಿ ತೋರಿಸಿದ್ದು ಇದನ್ನೇ: ಅರ್ಥ ಮುಖದಲ್ಲಿಲ್ಲ, ಎರಡು ಶಾಟುಗಳ ನಡುವಿನ ಜೋಡಣೆಯಲ್ಲಿದೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿ ಮರೆತಿದ್ದ ಹುಡುಗ ಅದನ್ನು ರಾತ್ರಿ ಎರಡು ಗಂಟೆಗೆ ಕಳವಾದಲ್ಲಿ ತಾನೇ ಕಂಡುಹಿಡಿಯುತ್ತಾನೆ. ಹದಿನಾಲ್ಕು ಕಟ್‌ಗಳ ನೀರಿನ ಲೋಟ ಅಂದೇ ಕಸದ ಬುಟ್ಟಿಗೆ ಹೋಗುತ್ತದೆ. ಹೋಗದಿದ್ದರೆ ಆ ಹುಡುಗ ಎಂಬಿಎ ಮಾಡುವುದು ಒಳ್ಳೆಯದು.

ಧ್ವನಿಯ ಕಥೆ ಚಿಕ್ಕದು. ಮನೆಯಲ್ಲಿ ಮುದ್ರಿಸಿದ ಸದ್ದಿನಲ್ಲಿ ಪಕ್ಕದ ಮನೆಯ ಕುಕ್ಕರು, ಮೇಲಿನ ಮನೆಯ ಮಿಕ್ಸರು, ದೂರದ ಸ್ಟೇಷನ್ನಿನ ಮೂರು ಭಾಷೆಯ ಘೋಷಣೆ ಎಲ್ಲ ಸೇರಿರುವುದರಿಂದ ಅಷ್ಟನ್ನೂ ಅಳಿಸಿ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎದೆಬಡಿತ ಹಾಕುತ್ತಾರೆ. ಎಲ್ಲರೂ ಇಳಿಸಿಕೊಳ್ಳುವುದು ಒಂದೇ ಕಡತವಾದ್ದರಿಂದ ಥಾಣೆಯಿಂದ ಕಲ್ಯಾಣದವರೆಗಿನ ಥ್ರಿಲ್ಲರುಗಳಲ್ಲೆಲ್ಲ ಬಡಿಯುವುದು ಒಂದೇ ಹೃದಯ.

ಟೈಟಲ್ಲಿಗೆ ಎಲ್ಲರ ಗುರು ಡೇವಿಡ್ ಫಿಂಚರನ 'ಸೆವೆನ್' (1995). ಕೈಲ್ ಕೂಪರ್ ರೂಪಿಸಿದ ಅದರ ಆರಂಭದಲ್ಲಿ ಕೊಲೆಗಾರ ನೋಟುಬುಕ್ಕುಗಳಲ್ಲಿ ಒತ್ತೊತ್ತಾಗಿ ಬರೆಯುತ್ತಾನೆ, ಹೊಲಿಯುತ್ತಾನೆ, ಬ್ಲೇಡಿನಿಂದ ಕತ್ತರಿಸುತ್ತಾನೆ. ಅಕ್ಷರಗಳನ್ನು ಫಿಲ್ಮಿನ ಮೇಲೆ ಕೈಯಿಂದಲೇ ಗೀರಿದಂತಿದೆ. ಹಾಗಾಗಿ ಕಳವಾದ ಕೊಲೆಗಾರನಿಗೂ ಒಂದು ಭಯಾನಕ ನೋಟುಬುಕ್ಕು ಬೇಕು. ಕಪಾಟಿನ ಮೇಲಿನ ಟ್ರಂಕಿನಲ್ಲಿ ಅಜ್ಜ ಬರೆದಿಟ್ಟ ಹಳೆಯ ಡೈರಿ ಸಿಗುತ್ತದೆ: ಹಳದಿಗಟ್ಟಿದ ಹಾಳೆ, ನೀಲಿ ಶಾಯಿ, ಮೋಡಿಯೋ ಕನ್ನಡವೋ ತಿಳಿಯದಂಥ ಬರಹ. ಹುಡುಗ ಮರಾಠಿ ಇಲ್ಲವೇ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಮ್ಯಾಕ್ರೊ ಲೆನ್ಸಿನಲ್ಲಿ, ಮಿಣುಕುವ ಬೆಳಕಿನಲ್ಲಿ ಆ ಸಾಲುಗಳು ಹಾದುಹೋಗುವಾಗ ತರಗತಿಯ ಮರಾಠಿ ಹುಡುಗರು ಉಸಿರು ಬಿಗಿಹಿಡಿಯುತ್ತಾರೆ. "ಆ ಲಿಪಿಯಲ್ಲಿ ಏನೋ ಹಿಂಸೆ ಇದೆ" ಎಂದು ಮೇಷ್ಟರು ಬರೆದುಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕನ್ನಡ ಓದಬಲ್ಲ ಒಬ್ಬನೇ ಒಬ್ಬ ಇದ್ದರೆ ಮಾತ್ರ ಅನಾಹುತ. ಪರದೆಯ ಮೇಲಿರುವುದು "ಹಾಲು ಎರಡು ಲೀಟರ್, ಇಸ್ತ್ರಿಯವನ ಬಾಕಿ ನಾಲ್ಕು ರೂಪಾಯಿ, ಬೀಗರಿಗೆ ಪತ್ರ ಹಾಕಬೇಕು" ಎಂಬುದಾಗಿರುತ್ತದೆ. ಅವನು ನಗುತ್ತಾನೆ. ಥ್ರಿಲ್ಲರಿನಲ್ಲಿ ನಕ್ಕವನನ್ನು ವಿಕೃತ ಮನಸ್ಸಿನವನೆಂದು ಉಳಿದವರು ಭಾವಿಸುತ್ತಾರೆ.

ಮನೆಯ ಪ್ರದರ್ಶನ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ. ಅಪ್ಪ ಎರಡು ನಿಮಿಷ ಮುಗಿದದ್ದು ತಿಳಿಯದೆ "ಶುರು ಮಾಡು" ಎನ್ನುತ್ತಾರೆ. ಅವ್ವ ಅತ್ತೆಯ ಮುಖ ಕತ್ತಲಿನಿಂದ ಮೂಡಿ ಬಂದ ಕೂಡಲೇ ತಟ್ಟೆ ಒರೆಸುವುದನ್ನು ನಿಲ್ಲಿಸಿ, "ಇದೊಂದು ಬರೋಬ್ಬರಿ ತೆಗದೀ ನೋಡು" ಎಂದು ಮನಸಾರೆ ಹೊಗಳುತ್ತಾಳೆ. ಮನೆಯಲ್ಲಿ ನಿಜವಾದ ವಿಮರ್ಶಕಿ ಅಜ್ಜಿ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ಕಲ್ಪನಾರನ್ನು ನಾಯಕಿಯಾಗಿಸಿ ತೆಗೆದ 'ಶರಪಂಜರ'ವನ್ನು 1972ರಲ್ಲಿ ಟಾಕೀಸಿನಲ್ಲಿ ನೋಡಿ ಅತ್ತವಳು ಅವಳು. ಮನಸ್ಸಿನ ಕಥೆಯ ಸಿನಿಮಾ ಎಂದರೇನೆಂದು ಆ ಮನೆಯಲ್ಲಿ ತಿಳಿದಿರುವುದು ಅವಳಿಗೊಬ್ಬಳಿಗೇ. "ಕಲ್ಪನಾಗ ತಲಿ ಕೆಡ್ಲಿಕ್ಕೆ ಅರ್ಧಾ ಸಿನಿಮಾ ಬೇಕಾತು. ನಿಮ್ಮ ಹುಡುಗಗ ಬಾಗಲಾ ತಗಿಯೂದ್ರಾಗ ಕೆಟ್ಟೈತಿ" ಎನ್ನುತ್ತಾಳೆ. ಕಾಲೇಜಿನಲ್ಲಿ ಅಂಕ ಹಾಕಿದವರು ಎರಡು ಪುಟದಲ್ಲಿ ಹೇಳಿದ್ದೂ ಇಷ್ಟನ್ನೇ.

ಪದವಿ ಮುಗಿದ ಮೇಲೆ ಇವರಲ್ಲಿ ಕೆಲವರು ಅಂಧೇರಿಯ ಧಾರಾವಾಹಿ ಸ್ಟುಡಿಯೊಗಳ ಕತ್ತಲೆ ಕೋಣೆಗಳಿಗೆ ಹೋಗುತ್ತಾರೆ, ಕೆಲವರು ಬ್ಯಾಂಕ್ ಪರೀಕ್ಷೆಗೆ ಕೂರುತ್ತಾರೆ. ಹೆಚ್ಚಿನವರು ಸೇರುವುದು ಮದುವೆ ವಿಡಿಯೊ ಕೆಲಸಕ್ಕೆ. ಅಜ್ಜಿಯ ಶಾಟಿನ ಪಾಠ ಅಲ್ಲಿ ಅನ್ನ ಕೊಡುತ್ತದೆ. ಪಂಕ್ತಿಯಲ್ಲಿ ಹೋಳಿಗೆ ಸಾಲದಾಯಿತೇ ಎಂದು ದಿಗಿಲಿನಿಂದ ನೋಡುತ್ತಿರುವ ವಧುವಿನ ತಾಯಿಯ ಮುಖವನ್ನು ಧಾರೆಯ ಮುಂದೆ ತಂದಿಟ್ಟರೆ, ಮಗಳನ್ನು ಕೊಟ್ಟ ತಾಯಿಯ ದುಃಖ ಕಣ್ಣಿಗೆ ಕಟ್ಟುತ್ತದೆ. ಬೀಗರ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಾರೆ. ಆದ್ದರಿಂದ ಮನೆಯಲ್ಲಿ ಮದುವೆ ಗೊತ್ತಾದವರು ಇಂಥ ಹುಡುಗನೊಬ್ಬನಿಗೆ ಮೊದಲೇ ಹೇಳಿಡುವುದು ಲೇಸು. ಅಡ್ವಾನ್ಸ್ ಮಾತ್ರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಪೂರ್ತಿ ದುಡ್ಡು ಕೊಟ್ಟವರ ಕೈಗೆ ದೇವರ ಸಮಾರಾಧನೆಯ ಎರಡು ನಿಮಿಷವಷ್ಟೇ ತಲುಪಿ, ಮದುವೆ ಇನ್ನೂ ಎಡಿಟಿಂಗಿನಲ್ಲೇ ಇರುವ ಸಂಭವವುಂಟು.