ಕ್ಯಾಷಿಯರನ ಆದಿತಾಳ

34 ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು ನಾನು. ನೂರರ ಕಟ್ಟಿನಲ್ಲಿ ಒಂದು ನೋಟು ಕಮ್ಮಿಯಿದ್ದರೆ ಕಣ್ಣಿಗಿಂತ ಮೊದಲು ಕೈಗೇ ಗೊತ್ತಾಗುತ್ತಿತ್ತು. ಅಂಥವನಿಗೆ ರಿಟೈರ್ ಆದ ಮೇಲೆ ಎಂಟರ ತನಕ ಎಣಿಸಲು ಬರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯವಳು ಮಾತ್ರ ನಂಬಿದಳು, ಅದೂ ತಕ್ಷಣ.

ಹುಚ್ಚು ಹತ್ತಿದ್ದು ಚಾಮರಾಜಪೇಟೆಯಲ್ಲಿ. ಅಲ್ಲಿ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ನಡೆಯುತ್ತವಲ್ಲ, 1939ರಲ್ಲಿ ಶುರುವಾದವು, ಅಲ್ಲಿಗೆ ಹೋಗುತ್ತಾ ಹೋಗುತ್ತಾ ಒಂದು ವಿಷಯ ಗಮನಿಸಿದೆ. ಕೇಳುಗರಲ್ಲಿ ಎರಡೇ ಜಾತಿ: ತಾಳ ಹಾಕುವವರು, ತಲೆ ಹಾಕುವವರು. ನಾನು ಎರಡನೆಯ ಜಾತಿ. ತಲೆಯನ್ನು ಯಾವ ಕಡೆ ಬೇಕಾದರೂ ಆಡಿಸಬಹುದು, ಅದಕ್ಕೆ ಆಡಿಟ್ ಇಲ್ಲ. ಆದರೆ ತೊಡೆಯ ಮೇಲೆ ಕೈಯಿಟ್ಟು, ಅರೆಗಣ್ಣು ಮುಚ್ಚಿ, ಸರಿಯಾದ ಜಾಗಕ್ಕೆ ಪೆಟ್ಟು ಹಾಕಿ ಪಕ್ಕದವರ ಕಡೆ ಒಂದು ಸಣ್ಣ ನಗೆ ಬೀರುತ್ತಾರಲ್ಲ, ಆ ನಗೆ ನನಗೂ ಬೇಕೆನಿಸಿತು.

ಮೇಷ್ಟ್ರೊಬ್ಬರ ಹತ್ತಿರ ಸೇರಿದೆ. ಸಹಪಾಠಿಗಳೆಲ್ಲ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನವರು. ಮೊದಲ ದಿನವೇ ಆದಿತಾಳ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು; ಇಲ್ಲಿಗೆ ನಾಲ್ಕು, ಇದು ಲಘು. ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಎರಡು ದ್ರುತ. ಒಟ್ಟು ಎಂಟು, ಒಂದು ಆವರ್ತ. ಹುಸಿ ಎಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದು. ಇಡೀ ಎಂಟರಲ್ಲಿ ನನಗೆ ನಿಸ್ಸಂಶಯವಾಗಿ ಒಲಿದದ್ದು ಹುಸಿಯೊಂದೇ.

ತೊಂದರೆ ಕೊಟ್ಟದ್ದು ಹೆಬ್ಬೆರಳು. ಬೆರಳೆಣಿಕೆಗೆ ಬಂದ ಕೂಡಲೇ ಅದು ಹಳೇ ನೌಕರಿ ನೆನೆದು ನೀರಿನ ಸ್ಪಂಜು ಹುಡುಕುತ್ತಿತ್ತು. ಸ್ಪಂಜು ಸಿಗದಿದ್ದರೆ ನೇರ ನಾಲಿಗೆಗೆ. ಪೆಟ್ಟು ಹಾಕಿ, ಹೆಬ್ಬೆರಳು ನೆಕ್ಕಿ, ಕಿರುಬೆರಳು ಮುಟ್ಟುವಷ್ಟರಲ್ಲಿ ಮಕ್ಕಳು ಮುಂದಿನ ಆವರ್ತದಲ್ಲಿರುತ್ತಿದ್ದರು. ಪಕ್ಕದ ಪುಟಾಣಿಯೊಬ್ಬಳು, "ತಾತಾ, ಎಂಜಲು" ಎಂದು ಎರಡು ಅಡಿ ದೂರ ಸರಿದು ಕೂತಳು.

ಎರಡನೇ ಕಾಲ ಬಂದಾಗ ಇನ್ನೂ ಫಜೀತಿ. ಕೈ ಅದೇ ವೇಗದಲ್ಲಿರಬೇಕು, ಬಾಯಿ ಮಾತ್ರ ಒಂದು ಎಣಿಕೆಗೆ ಎರಡು ಸ್ವರ ಹೇಳಬೇಕು. ಮೂರನೇ ಕಾಲಕ್ಕೆ ನಾಲ್ಕು. ನನ್ನ ಬಾಯಿ ಓಡಿದರೆ ಕೈಯೂ ಹಿಂದೆಯೇ ಓಡುತ್ತಿತ್ತು. "ರಾಯರೇ, ಬಾಯಿ ಓಡಿಸಿ, ಕೈ ಓಡಿಸಬೇಡಿ" ಎಂದರು ಮೇಷ್ಟ್ರು. ಕೌಂಟರಿನಲ್ಲಿ ಮ್ಯಾನೇಜರು ಅಷ್ಟು ವರ್ಷ ಹೇಳಿದ್ದು ಇದಕ್ಕೆ ಸರೀ ಉಲ್ಟಾ.

ಪಾಠದ ಲೆಕ್ಕ ಮಾತ್ರ ಸಲೀಸು. ಸೂಳಾದಿ ತಾಳ ಏಳು, ಜಾತಿ ಐದು, ಗುಣಿಸಿದರೆ 35. ಅದಕ್ಕೆ ಐದು ನಡೆ, 175. ನಾನು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿದೆ. ಮೇಷ್ಟ್ರು "ಭೇಷ್, ಈಗ ಅದರಲ್ಲಿ ಒಂದು ಹಾಕಿ ನೋಡೋಣ" ಎಂದರು. ಅವತ್ತು ಬೇಗ ಮನೆಗೆ ಬಂದೆ.

ಮಿಶ್ರಛಾಪು ಏಳರದು, ಮೂರು ಮತ್ತು ನಾಲ್ಕು: ತಕಿಟ ತಕಧಿಮಿ. ಇದನ್ನು ಬೆಳಗಿನ ವಾಕಿಂಗಿನಲ್ಲಿ ಕಾಲಿಗೆ ಹಾಕಿಕೊಂಡರೆ ಮೈಗೆ ಹತ್ತುತ್ತದೆ ಎಂದು ನನ್ನದೇ ಒಂದು ಉಪಾಯ. ಎಡವಟ್ಟಾದದ್ದು ಇಲ್ಲಿ: ತಾಳ ಏಳು, ಕಾಲು ಎರಡು. ಮೊದಲ ಆವರ್ತ ಬಲಗಾಲಲ್ಲಿ ಶುರುವಾದರೆ ಎರಡನೆಯದು ಎಡಗಾಲಿಗೆ ಬರುತ್ತದೆ. ಪ್ರತಿ ಆವರ್ತದ ಮೊದಲ ಹೆಜ್ಜೆಯನ್ನು ಒತ್ತಿ ಇಡುತ್ತಾ ಪಾರ್ಕಿನಲ್ಲಿ ಎರಡು ಸುತ್ತು ಹಾಕಿದೆ. ಮೂರನೇ ಸುತ್ತಿಗೆ ಬೆಂಚಿನ ಮೇಲಿದ್ದ ಸ್ನೇಹಿತರು ಎದ್ದು ಬಂದು ಒಳ್ಳೆಯ ಮೂಳೆ ಡಾಕ್ಟರೊಬ್ಬರ ಫೋನ್ ನಂಬರು ಕೊಟ್ಟರು. "ಯಾವ ಮಂಡಿ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಒಂದು ಸಲ ಇದು, ಒಂದು ಸಲ ಅದು.

ಹೀಗೆ ಎಂಟು ತಿಂಗಳು ಕಲಿತವನು ನಮ್ಮ ಬಡಾವಣೆಯ ರಾಮೋತ್ಸವಕ್ಕೆ ಎರಡನೇ ಸಾಲಿನಲ್ಲಿ ಹೋಗಿ ಕೂತೆ. ಅವತ್ತು ಪಿಟೀಲು ಸೋಲೋ. ಇದರ ಅಪಾಯ ನನಗೆ ಮೊದಲೇ ಹೊಳೆಯಬೇಕಿತ್ತು. ಹಾಡುವವರಾದರೆ ತಾವೇ ತಾಳ ಹಾಕುತ್ತಾರೆ, ನೋಡಿ ನಕಲು ಹೊಡೆಯಬಹುದು. ಪಿಟೀಲಿನವರ ಎರಡೂ ಕೈಗೆ ಕೆಲಸ. ವರ್ಣ ಹೇಗೋ ದಾಟಿತು. ದೊಡ್ಡ ಕೃತಿ ಬಂತು, ಎಡುಪು, ಅಂದರೆ ಹಾಡು ಏಳುವ ಜಾಗ, ಎಲ್ಲೋ ಪೆಟ್ಟಾದ ಮೇಲೆ. ಹಾಡು ತಾಳದ ಜೊತೆಗೇ ಎದ್ದರೆ ಸಮ, ಹಿಂದೆ ಮುಂದೆ ಎದ್ದರೆ ವಿಷಮ. ವಿಷಮಶೀತ ಜ್ವರಕ್ಕೂ ಇದಕ್ಕೂ ಏನೋ ನೆಂಟಸ್ತಿಕೆ ಇದೆ. ಎರಡರಲ್ಲೂ ನನಗೆ ಬೆವರು ಬಂದಿದೆ. ಸ್ವರಕಲ್ಪನೆ ಶುರುವಾಗುವಷ್ಟರಲ್ಲಿ ನನ್ನ ಬೆರಳು ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗ ಕಣ್ಣಿಗೆ ಬಿದ್ದರು ಆ ಹಿರಿಯರು. ಮುಂದಿನ ಸಾಲು, ನನ್ನ ಎಡಕ್ಕೆ. ಪಂಚೆ, ಶಲ್ಯ, ಹಣೆಗೆ ಅಂಗಾರಾಕ್ಷತೆ, ಮುಚ್ಚಿದ ಕಣ್ಣು. ಬಲಗೈ ತೊಡೆಯ ಮೇಲೆ, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಒಂದೇ ನಿಧಾನದಲ್ಲಿ ನಡೆಯುತ್ತಿದೆ. ಬದುಕಿದೆ ಎಂದುಕೊಂಡು ಅವರ ಕೈಗೆ ನನ್ನ ಕೈ ಕಟ್ಟಿದೆ. ಮೇಷ್ಟ್ರು ಕಿರುಬೆರಳಿಂದ ಶುರು ಎಂದಿದ್ದರು, ಇವರದು ಉಂಗುರದ ಬೆರಳಿಂದ. ಪಾಠಾಂತರ ಬೇರೆ ಇರಬೇಕು. ಪೆಟ್ಟು ಕೂಡ ಬಲು ಅಪರೂಪ. ಬೆರಳೆಣಿಕೆ ಎಷ್ಟೋ ಹೊತ್ತು ಆದ ಮೇಲೆ ತೊಡೆಗೆ ಒಂದು ಏಟು ಹಾಕುತ್ತಾರೆ. ಒಮ್ಮೊಮ್ಮೆ ಬೆನ್ನುಬೆನ್ನಿಗೆ ಎರಡು, ಒಂದು ಸಲವಂತೂ ಕತ್ತಿಗೆ. ಇರಲಿ, 175ರಲ್ಲಿ ಇದೂ ಒಂದಿರಬಹುದು.

ತಾಳವಾದ್ಯದವರನ್ನು ತನಿ ಆವರ್ತನಕ್ಕೆ ಬಿಟ್ಟರು. ಪಿಟೀಲಿನವರು ಕಮಾನು ಕೆಳಗಿಟ್ಟು ತಾವೇ ತಾಳಕ್ಕೆ ಕೂತರು. ಶುದ್ಧ ಆದಿತಾಳ. ಹಿಂದಿನ ಸಾಲಿನ ಮಕ್ಕಳೂ ಅದನ್ನೇ ಹಾಕುತ್ತಿದ್ದಾರೆ. ಕಲಾವಿದರನ್ನು ನಂಬುವುದೋ, ಹಿರಿಯರನ್ನು ನಂಬುವುದೋ? ನಾನು ಹಿರಿಯರನ್ನು ನಂಬಿದೆ. ಮೃದಂಗ, ಘಟ ಒಂದರ ಹಿಂದೆ ಒಂದು ನುಡಿದು, ಆವರ್ತ ಅರ್ಧರ್ಧ ಮಾಡಿಕೊಂಡು, ಒಟ್ಟಿಗೆ ಸೇರಿ ಮುಕ್ತಾಯಕ್ಕೆ ಬಂದವು. ಒಂದೇ ಜತಿ ಮೂರು ಸಲ. ಮೂರನೆಯದರ ಕೊನೆಯ ಧೀಂ ಬಂದು ಬಿದ್ದ ಜಾಗಕ್ಕೆ ಸಭೆಯ ಅಷ್ಟೂ ಕೈಗಳು ಒಂದೇ ಪೆಟ್ಟಾಗಿ ಇಳಿದವು. ನನ್ನದು ಇನ್ನೂ ನಡುಬೆರಳಿನ ತುದಿಯಲ್ಲಿತ್ತು. ಪಿಟೀಲಿನವರು ಪಲ್ಲವಿ ಎತ್ತಿಕೊಳ್ಳಲು ಕಮಾನಿಗೆ ಕೈಹಾಕುವ ಆ ಒಂದು ಚಣದಲ್ಲಿ ಹಿರಿಯರು ತೊಡೆಗೆ ಏಟು ಹಾಕಿದರು. ನಾನೂ ಹಾಕಿದೆ, ಎಂಟು ತಿಂಗಳ ಫೀಸು ಒಂದೇ ಏಟಿನಲ್ಲಿ ವಸೂಲಾಗುವ ಹಾಗೆ, ಗಟ್ಟಿಯಾಗಿ "ಭೇಷ್!" ಎಂದು. ಬಿದ್ದದ್ದು ಪಕ್ಕದ ಕುರ್ಚಿಯವರ ತೊಡೆಗೆ. ಮೃದಂಗದವರು ತಿರುಗಿ ನನ್ನನ್ನು ನೋಡಿದ ನೋಟವನ್ನು ಬ್ಯಾಂಕಿನಲ್ಲಿ ಖೋಟಾನೋಟು ಕೊಟ್ಟವರ ಮುಖದ ಮೇಲೆ ನಾನೇ ಎಷ್ಟೋ ಸಲ ಬಿಟ್ಟಿದ್ದೇನೆ.

ಮಂಗಳ ಮುಗಿದು ಪಾನಕ ಕೋಸಂಬರಿಯ ಸಾಲಿನಲ್ಲಿ ಹಿರಿಯರೇ ಸಿಕ್ಕರು. ಕೈ ಮುಗಿದು, "ತಾವು ಹಾಕ್ತಿದ್ದ ತಾಳ ಯಾವುದು?" ಎಂದೆ.

"ತಾಳ ಎಲ್ಲಿ ಬಂತು? ನನಗೆ ಸಂಗೀತ ಗೊತ್ತಿಲ್ಲಪ್ಪಾ. ರಾಮನವಮಿ ಅಂತ ಒಂದು ಸಾವಿರದೆಂಟು ಜಪ ಇಟ್ಕೊಂಡಿದ್ದೆ. ದರಿದ್ರ ಸೊಳ್ಳೆ ಬೇರೆ. ಇನ್ನೇನು ಮುಗೀತು ಅನ್ನೋವಾಗ ಹಿಂದಿಂದ ಯಾವನೋ ಭೇಷ್ ಅಂತ ಕೂಗಿಬಿಟ್ಟ, ಲೆಕ್ಕವೇ ಹೋಯ್ತು."

ನಾನು ಕೋಸಂಬರಿಯ ದೊನ್ನೆ ನೋಡುತ್ತಾ ನಿಂತೆ. ಅವರೇ ಹತ್ತಿರ ಬಂದರು. "ನೀವು ನನ್ನ ಕೈನೇ ನೋಡ್ತಿದ್ರಿ ಅಲ್ವಾ? ಎಷ್ಟಕ್ಕೆ ಬಂದಿದ್ದೆ ಹೇಳಿ."

ಕ್ಯಾಷಿಯರ್ ಆಗಿದ್ದವನು, ಅಂದಾಜಿನ ಮೇಲೆ ಏಳುನೂರ ಇಪ್ಪತ್ತು ಎಂದೆ.

"ಒಂಬೈನೂರು ದಾಟಿತ್ತು" ಎಂದು ಅವರು ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಉಂಗುರದ ಬೆರಳಿಗೆ ಹೆಬ್ಬೆರಳು ಹಚ್ಚಿ ಮತ್ತೆ ಒಂದರಿಂದ ಶುರುಮಾಡಿದರು.