ಸೀಟಿನ ಮೇಲೊಂದು ಟವೆಲ್ಲು

ನಾನು ಚಿಕ್ಕವನಿದ್ದಾಗ ಸರ್ಕಾರಿ ಅಂಬಾಸಿಡರ್ ಕಾರುಗಳ ಹಿಂದಿನ ಸೀಟಿಗೆ ಬಿಳಿ ಟರ್ಕಿ ಟವೆಲ್ಲು ಹೊದಿಸಿರುತ್ತಿದ್ದರು. ಅದು ದವಾಲಿಯ ಪಟ್ಟಿಯ ಹಾಗೆ ಅಧಿಕಾರದ ಲಾಂಛನವೆಂದೇ ನಂಬಿದ್ದೆ. ನಮ್ಮ ಮನೆಗೂ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಬಂದು, ಅಮ್ಮ ಅದರ ಸೀಟಿಗೆ ಟವೆಲ್ಲು ಹಾಸಿದ ದಿನ ನಿಜ ಗೊತ್ತಾಯಿತು. ಟವೆಲ್ಲಿನ ಕೆಳಗೆ ಅಂಗೈಯಗಲದ ತೂತಿತ್ತು.

ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಪಡೆಯಿತು. ರಾಣಿಯೇನೋ ಹೌದು, ನಮ್ಮಲ್ಲಿಗೆ ಬಂದದ್ದು ಮಾತ್ರ ತೇಪೆ ಸೀರೆ ಉಟ್ಟುಕೊಂಡೇ. ಗೇರು ಸ್ಟೀರಿಂಗಿನ ಪಕ್ಕದಲ್ಲಿ ಇದ್ದುದರಿಂದ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ ಒಂದೇ. ಅಪ್ಪನ ಲೆಕ್ಕದಲ್ಲಿ ಮುಂದೆ ಮೂವರು, ಹಿಂದೆ ನಾಲ್ವರು. ತೊಡೆಯ ಮೇಲಿನ ಮಕ್ಕಳು ಜನಗಣತಿಗೆ ಸೇರುತ್ತಿರಲಿಲ್ಲ.

ತೂತು ಬಿದ್ದದ್ದು ಡ್ರೈವರ್ ಕೂರುವ ಕಡೆಯ ಬಲ ಅಂಚಿನಲ್ಲಿ. ಅಪ್ಪ ಹತ್ತುವಾಗ ಇಳಿಯುವಾಗಲೆಲ್ಲ ಆ ಅಂಚನ್ನು ಉಜ್ಜಿಕೊಂಡೇ ಜಾರುತ್ತಿದ್ದರು. ಜೊತೆಗೆ ಹಿಂದಿನ ಜೇಬಿನಲ್ಲಿ ಬೀಗದ ಕೈ ಗೊಂಚಲು. ಹಳೇ ಕಾರು ಕೊಳ್ಳುವವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಮೀಟರಿನ ಕಿಲೋಮೀಟರು ಸುಳ್ಳು ಹೇಳಬಹುದು, ಸೀಟಿನ ಬಲ ಅಂಚು ಹೇಳುವುದಿಲ್ಲ.

ಮೊದಲ ವೈದ್ಯೋಪಚಾರ ಅಮ್ಮನದು. ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು ಹರುಕನ್ನು ಎಳೆದು ಹೊಲಿದರು. ಹದಿನೈದು ದಿನಕ್ಕೆ ಹೊಲಿಗೆಯ ಗುಂಟ ಇನ್ನೊಂದು ಹರುಕು. ರೆಕ್ಸಿನ್ನಿಗೆ ಸಾಲಾಗಿ ಚುಚ್ಚುವುದೆಂದರೆ ಅಂಚೆಚೀಟಿಯ ಹಾಳೆಗೆ ತೂತು ಹೊಡೆದಂತೆ, ಇಲ್ಲೇ ಹರಿಯಿರಿ ಎಂದು ಗೆರೆ ಎಳೆದುಕೊಟ್ಟ ಹಾಗೆ. ಒಳಗಡೆಯಿಂದ ಬಟ್ಟೆ ಅಂಟಿಸಿ ಆಧಾರ ಕೊಡಬೇಕು ಎಂದು ಆಗ ಯಾರಿಗೆ ಗೊತ್ತಿತ್ತು? ಆಮೇಲೆ ಚಿಕ್ಕಪ್ಪ ಸೈಕಲ್ ಪಂಕ್ಚರಿನ ಪ್ಯಾಚು, ಸಲ್ಯೂಷನ್ ತಂದು ಅಂಟಿಸಿದರು. ಮೇ ತಿಂಗಳ ಬಿಸಿಲಿಗೆ ಸಲ್ಯೂಷನ್ ಕರಗಿ, ಒಂದು ಮದುವೆಮನೆಯ ಮುಂದೆ ಅವರು ಇಳಿದರೂ ಅವರ ಪಂಚೆ ಇಳಿಯಲಿಲ್ಲ. ಅಲ್ಲಿಗೆ ಟವೆಲ್ಲಿನ ಯುಗ ಆರಂಭವಾಯಿತು.

ಅಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಕಾರನ್ನು ಬೆಂಗಳೂರಿನ ಜೆ.ಸಿ. ರಸ್ತೆಗೆ ಒಯ್ದೆ. ಅದೇ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ. ಯೌವನದಲ್ಲಿ ನಾಟಕ ನೋಡಲು ಹೋಗುತ್ತಿದ್ದೆ, ಈಗ ಸೀಟಿಗಾಗಿ. ಕುಶನ್ ಕೆಲಸದ ಸಾಹೇಬರು ಟವೆಲ್ಲು ಎತ್ತಿ ನೋಡಿ ಏನೂ ಹೇಳಲಿಲ್ಲ. ಹಲ್ಲಿನ ಡಾಕ್ಟರ ಮೌನದಂತಿತ್ತು.

ನಾವು ರೆಕ್ಸಿನ್ ಎನ್ನುವುದು ಮೂಲತಃ ಇಂಗ್ಲೆಂಡಿನ ಒಂದು ಕಂಪನಿಯ ಮಾಲಿನ ಹೆಸರು, ಬಟ್ಟೆಗೆ ಲೇಪ ಹಚ್ಚಿದ ತೊಗಲಿನ ವೇಷಧಾರಿ. ಈಗ ಆ ಹೆಸರಿನಲ್ಲಿ ಸಿಗುವುದು ಪಿ.ವಿ.ಸಿ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಬಿಸಿಲಿಗೆ ವರ್ಷವರ್ಷವೂ ಆರಿಹೋಗುತ್ತದೆ. ಆಮೇಲೆ ರೆಕ್ಸಿನ್ ಹಪ್ಪಳವಾಗಿ ಬಿರಿಯುತ್ತದೆ. ಸಾಹೇಬರು ಹೊಲಿಗೆ ಬಿಚ್ಚಿ ಒಂದೊಂದು ತುಂಡಿನ ಹಿಂದೆ ನಂಬರು ಬರೆದರು. ಹೊಸದನ್ನು ಕತ್ತರಿಸಲು ಆ ಹಳೇ ಚಿಂದಿಯೇ ಅಳತೆ. ಮಣ್ಣಿನ ಬಣ್ಣವೆಂದು ನಾನು ತಿಳಿದಿದ್ದ ಸೀಟು, ಬಿಸಿಲು ಕಾಣದ ಮಡಿಕೆಯೊಳಗೆ ದಾಳಿಂಬೆ ಕೆಂಪಾಗಿತ್ತು! ಕೆಳಗೆ ಯಾರದೋ ಹಿಂದಿನ ರಿಪೇರಿಯ ತೆಂಗಿನ ನಾರು, ಅದರ ಕೆಳಗೆ ಗೋಣಿ, ಅದಕ್ಕೂ ಕೆಳಗೆ ಸ್ಪ್ರಿಂಗು. ಇಟಲಿಯ ನಕಾಶೆಯ ಹೊಟ್ಟೆಯಲ್ಲಿ ತಿಪಟೂರಿನದೋ ಆಲಪ್ಪುಳದ್ದೋ ತೆಂಗಿನಕಾಯಿ.

ಸಾಹೇಬರು ಸ್ಪ್ರಿಂಗಿನ ಮೇಲೆ ಅಂಗೈ ಆಡಿಸಿ ಕೇಳಿದರು: "ಓಡಿಸ್ತಿದ್ದೋರು ಬಲಗಡೆಗೆ ವಾಲ್ಕೊಂಡು ಕೂರ್ತಿದ್ರಾ ಸಾರ್?"

ಹೌದು. ಮೊಣಕೈ ಕಿಟಕಿಯ ಮೇಲೆ ಊರಿ, ಕಾರಿಗಿಂತ ಹೆಚ್ಚಾಗಿ ರಸ್ತೆಯ ಪಕ್ಕದ ಹೊಲಗಳನ್ನೇ ನೋಡುತ್ತ ಓಡಿಸುತ್ತಿದ್ದರು.

"ಈ ಕಡೆ ಎಲ್ಲಾ ಕೂತೋಗಿದೆ. ಮಟ್ಟ ಮಾಡ್ಲಾ?"

ಮಾಡಿ ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಫೋಮು ಸ್ವಲ್ಪ ಜಾಸ್ತಿಯೇ ಇರಲಿ ಎಂದೆ. ಬೇಡ ಸಾರ್ ಅಂದರು. ದುಡ್ಡು ಕೊಡುವವನ ವಿವೇಕದಿಂದ ನಾನು ಒತ್ತಾಯಿಸಿದೆ.

ಹೊಸ ಕವರನ್ನು ಫುಟ್‌ಪಾತಿನ ಬಿಸಿಲಿನಲ್ಲಿ ಹರಡಿದರು. ಸೀಟನ್ನು ಕೆಡಿಸಿದ ಬಿಸಿಲೇ ಈಗ ಕೂಲಿಯಾಳು: ಬೆಚ್ಚಗಾದರೆ ರೆಕ್ಸಿನ್ ಹಿಗ್ಗುತ್ತದೆ, ಆಗ ಎಳೆದು ತೊಡಿಸಿ ಕೆಳಗೆ ಕಂಬಿಯ ರಿಂಗು ಬಿಗಿದರೆ, ತಣ್ಣಗಾಗುತ್ತ ಸುಕ್ಕಿಲ್ಲದೆ ಕೂರುತ್ತದೆ. ಅಂಚಿನ ಪೈಪಿಂಗ್ ಗೆರೆ ಕೊರೆದಂತೆ ನೇರವಾಗಿತ್ತು. ಅದಕ್ಕೆಂದೇ ಬೇರೆ ದುಡ್ಡು ಕೊಟ್ಟಿದ್ದೆ.

ಹತ್ತಿ ಕೂತೆ. ಎರಡು ಇಂಚು ಮೇಲೇರಿದ್ದೆ. ಕೂದಲು ಮೇಲಿನ ಬಟ್ಟೆಗೆ ತಾಗುತ್ತಿತ್ತು, ಕನ್ನಡಿಯಲ್ಲಿ ರಸ್ತೆಯ ಬದಲು ಹಿಂದಿನ ಸೀಟು ಕಾಣುತ್ತಿತ್ತು. ಅಭ್ಯಾಸಬಲದಿಂದ ಬಲಕ್ಕೆ ವಾಲಲು ಹೋದೆ. ಸೀಟು ನನ್ನನ್ನು ನೆಟ್ಟಗೆ ಕೂರಿಸಿತು. ಕನ್ನಡಿ ತಿರುಗಿಸಿಕೊಂಡು, ಸಾಹೇಬರ ಕಣ್ಣು ತಪ್ಪಿಸಿ ಹೊರಟೆ.

ಮನೆಯಲ್ಲಿ ಅಮ್ಮ ಬಾಗಿಲು ತೆರೆದು, ಕೆಂಪು ಸೀಟಿನ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ಕಣೋ" ಎಂದರು. ಪೈಪಿಂಗ್ ತೋರಿಸಲು ನಾನು ಬಗ್ಗುವಷ್ಟರಲ್ಲಿ ಒಳಗೆ ಹೋಗಿ ಬಂದರು.

"ಹೊಸದು, ಕೊಳೆಯಾಗಿಬಿಡುತ್ತೆ" ಎನ್ನುತ್ತ, ಒಗೆದು ಮಡಿಸಿಟ್ಟಿದ್ದ ಟವೆಲ್ಲನ್ನು ಕೊಡವಿ ಹಾಸಿದರು.